ಬೇಸಿಗೆಗೆ ಮನೆಯದೇ ಬೊಕೆ: ಉದ್ದ ಕಡ್ಡಿಯ ಹೂ ಬೆಳೆಯುವ ಸಮಗ್ರ ಮಾರ್ಗದರ್ಶಿ

ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕಟ್ಟಿದ ಹೂವನ್ನು ಮೊಳದಲ್ಲೋ ಮಾರಿನಲ್ಲೋ ಅಳೆದು ಕೊಡುತ್ತಾರೆ, ಬಿಡಿ ಹೂವಾದರೆ ತೂಕಕ್ಕೆ ಹಾಕುತ್ತಾರೆ. ಎಲ್ಲವೂ ತೊಟ್ಟಿನ ತನಕ ಮಾತ್ರ. ಮುಡಿಯೋಕೆ, ದೇವರಿಗೆ, ಬಾಗಿಲಿಗೆ ಅಷ್ಟು ಸಾಕು, ಕಡ್ಡಿ ಯಾರಿಗೂ ಬೇಡ. ಹೂದಾನಿಗೆ ಹೂ ಬೆಳೆಯುವವರಿಗೆ ಮಾತ್ರ ಲೆಕ್ಕ ತಿರುಗುಮುರುಗು. ಬೊಕೆಗೆ ಬೇಕಾದದ್ದು ಒಂದೂವರೆ ಅಡಿ ಉದ್ದದ, ನೆಟ್ಟಗೆ ನಿಲ್ಲುವ, ಗಟ್ಟಿ ಕಡ್ಡಿ. ಅದರ ತುದಿಯಲ್ಲಿ ಹೂ ಹೇಗೂ ಬರುತ್ತದೆ. ಬೀಜ ಆರಿಸುವುದರಿಂದ ಹಿಡಿದು ಕತ್ತರಿ ಹಾಕುವ ತನಕ ಇಲ್ಲಿ ಹೇಳುವುದೆಲ್ಲ ಆ ಕಡ್ಡಿಗೋಸ್ಕರ.

ಇದು ನನಗೆ ಗೊತ್ತಾಗಿದ್ದು ಒಂದು ವರ್ಷ ಕಳೆದುಕೊಂಡ ಮೇಲೆ. ಮೊದಲ ಸಲ ಶಿವರಾತ್ರಿ ಕಳೆದು ಹದಿನೈದು ದಿನಕ್ಕೆ ನರ್ಸರಿಯೊಂದರಿಂದ ಇಪ್ಪತ್ತು ಜಿನ್ನಿಯಾ ಸಸಿ ತಂದು ಮನೆ ಮುಂದೆ ನೆಟ್ಟೆ. ಹೂ ಚೆನ್ನಾಗಿಯೇ ಬಂತು, ಕೆಂಪು, ಹಳದಿ, ಕಡು ಗುಲಾಬಿ. ಗಿಡ ಮಾತ್ರ ಒಂದು ಗೇಣಿಗಿಂತ ಮೇಲೆ ಏಳಲೇ ಇಲ್ಲ. ಕತ್ತರಿಸಿದರೆ ಕೈಗೆ ಸಿಗುತ್ತಿದ್ದದ್ದು ಬೆರಳುದ್ದದ ಕಡ್ಡಿ, ಹೂದಾನಿಗೆ ಹಾಕಿದರೆ ಹೂ ಒಳಗೇ ಮುಳುಗುತ್ತಿತ್ತು. ಅದು ಕುಂಡದಲ್ಲಿಟ್ಟು ನೋಡುವ ಕುಳ್ಳ ತಳಿ ಅಂತ ಆಮೇಲೆ ತಿಳಿಯಿತು. ದಸರಾದಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಸಾಲಾಗಿ ಜೋಡಿಸಿದ ಕುಂಡಗಳನ್ನು ನೋಡುತ್ತೀರಲ್ಲ, ಅಲ್ಲಿಗೆ ಕುಳ್ಳ ಗಿಡವೇ ಸರಿ. ಬೊಕೆಗೆ ಅದು ಆಗುವುದಿಲ್ಲ.

ಯಾವಾಗ ಬಿತ್ತಬೇಕು

ಬೇಸಿಗೆ ಹೂವಿನ ಕೆಲಸ ಚಳಿಗಾಲದಲ್ಲೇ ಶುರು. ನಮ್ಮಲ್ಲಿ ಮಾರ್ಚ್‌ನಿಂದ ಮೇ ತನಕ ಬೇಸಿಗೆ. ಜಿನ್ನಿಯಾ, ಚೆಂಡು ಹೂ, ಸೂರ್ಯಕಾಂತಿಯಂಥವು ಬೀಜ ಹಾಕಿದ 55ರಿಂದ 70 ದಿನಕ್ಕೆ ಹೂ ಬಿಡುತ್ತವೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಬಿತ್ತಿದರೆ ಯುಗಾದಿಯ ಹೊತ್ತಿಗೆ ಮೊದಲ ಬೊಕೆ. ಪಂಚಾಂಗ ನೋಡಿಕೊಂಡು ಕೆಲಸ ಮಾಡುವ ನಮ್ಮಂಥವರಿಗೆ ಇದಕ್ಕಿಂತ ಸುಲಭದ ಗುರುತು ಬೇರೆ ಬೇಡ.

ಎಲ್ಲಾ ಬೀಜವನ್ನೂ ಒಂದೇ ದಿನ ಹಾಕಬೇಡಿ. ಹಾಗೆ ಮಾಡಿದರೆ ಎರಡು ವಾರ ಮನೆ ತುಂಬ ಹೂ, ಆಮೇಲೆ ಬರೀ ಗಿಡ. ಸಂಕ್ರಾಂತಿಗೆ ಒಂದು ಕಂತು, ರಥಸಪ್ತಮಿ ಕಳೆದ ಮೇಲೆ ಇನ್ನೊಂದು, ಶಿವರಾತ್ರಿಗೆ ಮೂರನೆಯದು. ಸೂರ್ಯಕಾಂತಿಗಂತೂ ಇದು ಬೇಕೇ ಬೇಕು, ಏಕೆಂದರೆ ಬೊಕೆಗೆ ಬೆಳೆಯುವ ಒಂಟಿ ಕಡ್ಡಿಯ ತಳಿ ಒಂದೇ ಹೂ ಕೊಟ್ಟು ಮುಗಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಹತ್ತು ಬೀಜ ಊರುತ್ತಾ ಹೋಗಿ.

ಸುಗಂಧರಾಜ ಗಡ್ಡೆಯಿಂದ ಬರುವಂಥದ್ದು, ಹೂ ಬಿಡಲು ಮೂರು ತಿಂಗಳು, ಕೆಲವು ಸಲ ಇನ್ನೂ ಜಾಸ್ತಿ ಬೇಕು. ಡಿಸೆಂಬರ್‌ನಲ್ಲೇ ನೆಡಿ.

ಯಾವ ಹೂ

ಜಿನ್ನಿಯಾ, ಚೆಂಡು ಹೂ, ಕಾಸ್ಮಾಸ್, ಸುಗಂಧರಾಜ ಇವೆಲ್ಲ ಮೂಲದಲ್ಲಿ ಮೆಕ್ಸಿಕೋ ಕಡೆಯವು, ಸೂರ್ಯಕಾಂತಿ ಉತ್ತರ ಅಮೆರಿಕದ್ದು. ಹಾಗಾಗಿ ಏಪ್ರಿಲ್ ಬಿಸಿಲಿಗೆ ಇವು ಹೆದರುವುದಿಲ್ಲ. ಹೊಸಬರು ಇವುಗಳಿಂದಲೇ ಶುರು ಮಾಡಿ.

ಒಂದೇ ಒಂದು ಹೂ ಬೆಳೆಯುತ್ತೀನಿ ಅನ್ನುವವರಿಗೆ ನನ್ನ ಉತ್ತರ ಜಿನ್ನಿಯಾ. ಬೀಜ ನಾಲ್ಕರಿಂದ ಏಳು ದಿನಕ್ಕೆ ಮೊಳೆಯುತ್ತದೆ, ಕತ್ತರಿಸಿದಷ್ಟೂ ಕವಲೊಡೆಯುತ್ತದೆ. ಪೊಟ್ಟಣದ ಮೇಲೆ ಗಿಡದ ಎತ್ತರ ಓದಿ, 75 ಸೆಂ.ಮೀ. ಮೇಲಿದ್ದರೆ ಮಾತ್ರ ತೆಗೆದುಕೊಳ್ಳಿ. ಬೆನರಿ ಜೈಂಟ್ ಅನ್ನುವ ತಳಿ ಮೂರು ಅಡಿಗೂ ಮೇಲೆ ಬೆಳೆಯುತ್ತದೆ, ಬೊಕೆಗೆಂದೇ ಇರುವಂಥದ್ದು.

ಚೆಂಡು ಹೂವಿನಲ್ಲಿ ಹೊಲದಲ್ಲಿ ಬೆಳೆಯುವ, ಆಫ್ರಿಕನ್ ಅಂತ ಬರೀ ಹೆಸರಿರುವ ಎತ್ತರದ ಜಾತಿ ಬೇಕು. ಅದು ಹೂಮಾಲೆಯ ಹೂ, ಹೂದಾನಿಗೆ ಏನು ಚೆಂದ ಅಂತ ಕೇಳುವವರಿದ್ದಾರೆ. ಉದ್ದ ಕಡ್ಡಿ ಸಮೇತ ಐದು ಕಿತ್ತಳೆ ಚೆಂಡು ಹೂವನ್ನು ಹಿತ್ತಾಳೆ ಚೊಂಬಿನಲ್ಲಿಟ್ಟು ನೋಡಿ, ಆಮೇಲೆ ಹೇಳಿ.

ಸೂರ್ಯಕಾಂತಿಯಲ್ಲಿ ಎಣ್ಣೆಕಾಳಿನ ಬೀಜ ಬಿತ್ತಿದರೂ ಹೂ ಬರುತ್ತದೆ, ಆದರೆ ಮೇಜಿನ ಮೇಲೆಲ್ಲ ಹಳದಿ ಪರಾಗ ಉದುರುತ್ತದೆ. ಪರಾಗವಿಲ್ಲದ ತಳಿಗಳು ಸಿಗುತ್ತವೆ, ಕೇಳಿ ತನ್ನಿ. ಕಾಸ್ಮಾಸ್‌ನಲ್ಲಿ ಹಳದಿ-ಕಿತ್ತಳೆ ಬಣ್ಣದ ಜಾತಿ ಬಿಸಿಲಿಗೆ ಒಳ್ಳೆಯದು. ಗುಲಾಬಿ-ಬಿಳಿ ಬಣ್ಣದ್ದು ಹಗಲು ಚಿಕ್ಕದಿರುವ ಕಾಲದ್ದು, ಅದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಕೋಳಿಜುಟ್ಟು ಮತ್ತು ಗುಂಡಿಯಂಥ ನೇರಳೆ ಹೂವಿನ ಗೊಂಫ್ರೀನಾ, ಎರಡೂ ನಮ್ಮ ದಂಟಿನ ಸೊಪ್ಪಿನ ಕುಟುಂಬದವು. ದಂಟಿನ ಸೊಪ್ಪು ಬೆಳೆದು ಗೊತ್ತಿದ್ದವರಿಗೆ ಇವು ಕಷ್ಟವೇ ಅಲ್ಲ. ನೀರು ಸ್ವಲ್ಪ ತಪ್ಪಿದರೂ ತಡೆದುಕೊಳ್ಳುತ್ತವೆ, ಒಣಗಿದ ಮೇಲೂ ಬಣ್ಣ ಉಳಿಯುತ್ತದೆ.

ಸುಗಂಧರಾಜದಲ್ಲಿ ಒಂದೇ ಸುತ್ತು ಎಸಳಿರುವ ಒಂಟಿ ಜಾತಿ ಬಿಡಿ ಹೂವಿಗೆ, ಹಲವು ಸುತ್ತು ಎಸಳಿರುವ ಸುತ್ತಿನ ಜಾತಿ ಹೂದಾನಿಗೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಸುವಾಸಿನಿ, ವೈಭವ್ ಸುತ್ತಿನ ತಳಿಗಳು. ಪ್ರಜ್ವಲ್ ಒಂಟಿಯಾದರೂ ಅದರ ಕಡ್ಡಿ ಗಟ್ಟಿ, ಎರಡಕ್ಕೂ ಆಗುತ್ತದೆ. ಅಲ್ಲಿಯದೇ ಕಾಮಿನಿ, ಪೂರ್ಣಿಮಾ, ಶಶಾಂಕ ಅನ್ನುವ ಆಸ್ಟರ್ ತಳಿಗಳೂ ಚೆನ್ನ. ಆಸ್ಟರ್ ಬೀಜ ಬೇಗ ಹಳಸುತ್ತದೆ, ಹಳೆಯ ಪೊಟ್ಟಣ ಕೊಳ್ಳಬೇಡಿ.

ಸೇವಂತಿಗೆಯನ್ನು ಏಪ್ರಿಲ್‌ಗೆ ಬಯಸಬೇಡಿ. ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟುವ ಗಿಡ ಅದು. ಜರ್ಬೆರಾಗೆ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಬೇಕು, ಅದನ್ನೂ ಬಿಟ್ಟುಬಿಡಿ.

ಇನ್ನು ಜೊತೆಗೆ ಹಾಕುವ ಹಸಿರು. ಇದನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ಬೊಕೆ ಬೋಳು ಬೋಳಾಗಿ ಕಾಣುತ್ತೆ ಅಂತಾರೆ. ಒಂದು ಸಾಲು ಕಾಮಕಸ್ತೂರಿ, ಒಂದು ಸಾಲು ಸಬ್ಬಸಿಗೆ, ಮೂಲೆಯಲ್ಲಿ ಒಂದಷ್ಟು ಸಜ್ಜೆ ಹಾಕಿ. ಸಬ್ಬಸಿಗೆಯನ್ನು ಅಡಿಗೆಗೆ ಕೀಳದೆ ಬಿಟ್ಟರೆ ಕೊಡೆಯ ಹಾಗೆ ಹಳದಿ ಹೂ ಬಿಡುತ್ತದೆ. ಜಿನ್ನಿಯಾ ಮಧ್ಯೆ ಅದನ್ನು ಸಿಕ್ಕಿಸಿದರೆ ಅಂಗಡಿಯ ಯಾವ ಹಸಿರೂ ಅದಕ್ಕೆ ಸಮ ಬರುವುದಿಲ್ಲ. ಸಜ್ಜೆ ತೆನೆ ಎಳೆಯದಿದ್ದಾಗಲೇ ಚೆಂದ.

ಮಣ್ಣು, ಮಡಿ

ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ನೆರಳಿನಲ್ಲಿ ಕಡ್ಡಿ ಉದ್ದವಾಗುತ್ತದೆ ನಿಜ, ಆದರೆ ಪೀಚಲಾಗಿ ಬಾಗುತ್ತದೆ. ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಒಂದು ಮಡಿ ಒಂದು ಮನೆಗೆ ಧಾರಾಳ ಸಾಕು. ನಾಲ್ಕು ಅಡಿಗಿಂತ ಅಗಲ ಬೇಡ, ಎರಡೂ ಕಡೆಯಿಂದ ಕೈ ಚಾಚಿದರೆ ಮಧ್ಯದ ಗಿಡ ಸಿಗಬೇಕು.

ಒಂದು ಅಡಿ ಆಳಕ್ಕೆ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಮಂಕರಿ, ಬೇವಿನ ಹಿಂಡಿ ಒಂದು ಕೆಜಿ ಸೇರಿಸಿ. ಹಸಿ ಸಗಣಿ ಹಾಕಲೇಬೇಡಿ, ಗೊಣ್ಣೆ ಹುಳು ಬಂದು ಬೇರು ಕತ್ತರಿಸುತ್ತದೆ. ಯೂರಿಯಾ ಕೂಡ ಬೇಡ. ಗಿಡ ಕಪ್ಪು ಹಸಿರಾಗಿ ಉಬ್ಬುತ್ತದೆ, ಕಡ್ಡಿ ನೀರು ನೀರಾಗಿ ಹೂದಾನಿಯಲ್ಲಿ ಎರಡನೇ ದಿನವೇ ತಲೆ ಜೋಲು ಹಾಕುತ್ತದೆ. ಮಡಿಯನ್ನು ಆರು ಇಂಚು ಎತ್ತರಿಸಿ. ಬೇಸಿಗೆಗೆ ಏರುಮಡಿ ಯಾಕೆ ಅನ್ನಬೇಡಿ, ಏಪ್ರಿಲ್‌ನ ಒಂದು ಗುಡುಗು ಮಳೆ ಬಂದರೆ ಸಾಕು, ಗೊತ್ತಾಗುತ್ತೆ.

ತಾರಸಿಯವರು ಹನ್ನೆರಡು ಇಂಚಿನ ಗ್ರೋ ಬ್ಯಾಗ್ ತೆಗೆದುಕೊಳ್ಳಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಒಂದು ಬ್ಯಾಗಿಗೆ ಮೂರು ಜಿನ್ನಿಯಾ. ಬ್ಯಾಗನ್ನು ಸೀದಾ ತಾರಸಿ ಮೇಲಿಡದೆ ಎರಡು ಇಟ್ಟಿಗೆ ಮೇಲಿಡಿ, ಇಲ್ಲದಿದ್ದರೆ ಬೇರು ಬೇಯುತ್ತದೆ.

ಬಿತ್ತುವುದು, ನೆಡುವುದು

ಸೂರ್ಯಕಾಂತಿ, ಸಬ್ಬಸಿಗೆ, ಸಜ್ಜೆ ನೇರ ಮಡಿಗೆ. ಜಿನ್ನಿಯಾ, ಕಾಸ್ಮಾಸ್ ನೇರವಾಗಿಯೂ ಹಾಕಬಹುದು, ಆದರೆ ಇರುವೆ ಬೀಜ ಹೊತ್ತೊಯ್ಯುತ್ತದೆ ಅನ್ನುವ ಕಡೆ ಟ್ರೇನಲ್ಲಿ ಸಸಿ ಮಾಡುವುದೇ ವಾಸಿ. ಚೆಂಡು ಹೂ, ಆಸ್ಟರ್, ಕೋಳಿಜುಟ್ಟು, ಗೊಂಫ್ರೀನಾ ಸಸಿ ಮಾಡಿಯೇ ನೆಡಿ. ಕೋಳಿಜುಟ್ಟಿನ ಬೀಜ ಸಾಸಿವೆಗಿಂತ ಸಣ್ಣದು, ಮಣ್ಣಿನ ಮೇಲೆ ಉದುರಿಸಿ ಮೇಲೆ ತೆಳ್ಳಗೆ ಪುಡಿ ಹಾಕಿದರೆ ಸಾಕು, ಆಳಕ್ಕೆ ಹೋದರೆ ಬರುವುದಿಲ್ಲ.

ನಾಲ್ಕು ಎಲೆ ಬಂದ ಮೇಲೆ, ಬಿತ್ತಿ ಮೂರು ವಾರದ ಹೊತ್ತಿಗೆ, ಸಂಜೆ ಹೊತ್ತು ನೆಡಿ. ಜಿನ್ನಿಯಾ, ಕೋಳಿಜುಟ್ಟು, ಗೊಂಫ್ರೀನಾ ಒಂಬತ್ತು ಇಂಚಿಗೊಂದು. ಚೆಂಡು ಹೂ, ಕಾಸ್ಮಾಸ್ ಒಂದು ಅಡಿಗೆ. ಸೂರ್ಯಕಾಂತಿ ಆರು ಇಂಚು ಸಾಕು. ಇದು ತುಂಬಾ ಹತ್ತಿರವಾಯ್ತು ಅನ್ನಿಸಬಹುದು, ಆದರೆ ಬೇಕೆಂದೇ ಹತ್ತಿರ. ದೂರ ನೆಟ್ಟರೆ ಗಿಡ ಅಗಲಕ್ಕೆ ಹರಡುತ್ತದೆ, ಹತ್ತಿರ ನೆಟ್ಟರೆ ಬೆಳಕಿಗೆ ಪೈಪೋಟಿ ಬಿದ್ದು ನೆಟ್ಟಗೆ ಏಳುತ್ತದೆ. ಸೂರ್ಯಕಾಂತಿ ಎರಡು ಅಡಿಗೊಂದು ನೆಟ್ಟರೆ ಊಟದ ತಟ್ಟೆಯಷ್ಟಗಲ ತಲೆ ಬಂದು ಯಾವ ಹೂದಾನಿಯಲ್ಲೂ ನಿಲ್ಲುವುದಿಲ್ಲ, ಆರು ಇಂಚಿಗೆ ನೆಟ್ಟರೆ ಅಂಗೈಯಗಲದ ಹೂ. ಸುಗಂಧರಾಜದ ಗಡ್ಡೆ ಎರಡು ಇಂಚು ಆಳ, ಹತ್ತು ಇಂಚು ಅಂತರ.

ಕುಡಿ ಚಿವುಟುವುದು

ಈ ಒಂದು ಕೆಲಸ ಮಾಡೋಕೆ ಕೈ ಬರುವುದಿಲ್ಲ. ಜಿನ್ನಿಯಾ ಒಂದು ಗೇಣು ಎತ್ತರವಾಗಿ, ನಾಲ್ಕು ಜೊತೆ ಎಲೆ ಬಂದಿರುತ್ತದೆ, ತುದಿಯಲ್ಲಿ ಬಟಾಣಿ ಗಾತ್ರದ ಮೊದಲ ಮೊಗ್ಗು ಇಣುಕುತ್ತಿರುತ್ತದೆ. ಅದನ್ನು ಮೂರನೇ ಜೊತೆ ಎಲೆಯ ಮೇಲೆ ಕತ್ತರಿಸಿ ಹಾಕಬೇಕು. ನಾನು ಹಾಗೆ ಮಾಡುವಾಗ ಊರಿಂದ ಬಂದಿದ್ದ ಅಮ್ಮ ನೋಡಿ, "ಮೊಗ್ಗೂ ಸೇರ್ಸಿ ಕುಯ್ದ್‌ಬಿಟ್ಯಲ್ಲ ಮಗ, ಹೊಟ್ಟೆ ಉರಿಯಾಕಿಲ್ವಾ ನಿಂಗೆ?" ಅಂದಳು. ವಾರ ಕಳೆದ ಮೇಲೆ ಆ ಎಲೆಗಳ ಕಂಕುಳಲ್ಲಿ ಎರಡೆರಡು ಚಿಗುರು ಹೊರಟಿದ್ದನ್ನು ತೋರಿಸಿದೆ. ಬಗ್ಗಿ, ಎಲೆ ಸರಿಸಿ, ಒಂದೊಂದನ್ನೂ ಎಣಿಸಿದಳು. ಒಂದು ಕಡ್ಡಿ ಹೋದ ಜಾಗದಲ್ಲಿ ಆರು ಕಡ್ಡಿ. ಚಿವುಟದೆ ಬಿಟ್ಟ ಗಿಡ ನಡುವೆ ಒಂದು ದಪ್ಪ ಹೂ ಕೊಟ್ಟು, ಪಕ್ಕದ ಕವಲು ಗಿಡ್ಡಕ್ಕೆ ನಿಂತುಬಿಡುತ್ತವೆ.

ಚೆಂಡು ಹೂ, ಕಾಸ್ಮಾಸ್, ಗರಿಯಂಥ ಕೋಳಿಜುಟ್ಟು, ಕಾಮಕಸ್ತೂರಿಗೂ ಹೀಗೇ. ಒಂಟಿ ಕಡ್ಡಿಯ ಸೂರ್ಯಕಾಂತಿಯನ್ನೂ, ಮಡಿಕೆ ಮಡಿಕೆಯ ದೊಡ್ಡ ಕೋಳಿಜುಟ್ಟನ್ನೂ ಮಾತ್ರ ಚಿವುಟಬೇಡಿ.

ಆಸರೆ, ನೀರು

ಗಿಡ ಒಂದು ಅಡಿ ಇರುವಾಗಲೇ ಮಡಿಯ ನಾಲ್ಕು ಮೂಲೆಗೆ ಸರ್ವೆ ಗೂಟ ಹೊಡೆದು, ಒಂದೂವರೆ ಅಡಿ ಎತ್ತರದಲ್ಲಿ ಉದ್ದಕ್ಕೂ ಅಡ್ಡಕ್ಕೂ ದಾರ ಎಳೆದು ಚೌಕುಳಿ ಮಾಡಿ. ಗಿಡ ಅದರೊಳಗಿಂದ ತೂರಿ ಬೆಳೆಯುತ್ತದೆ. ಗಾಳಿ ಬಂದು ಬಿದ್ದ ಮೇಲೆ ಎತ್ತಿ ಕಟ್ಟುವುದು ದಂಡ, ಬಿದ್ದ ಕಡ್ಡಿ ಒಂದೇ ರಾತ್ರಿಯಲ್ಲಿ ತುದಿ ಮೇಲೆತ್ತಿ ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಅಶ್ವಿನಿ, ಭರಣಿ ಮಳೆ ಬರುವುದೇ ಏಪ್ರಿಲ್ ಮಧ್ಯದಿಂದ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ಊರಲ್ಲಿ ಕಾಯುತ್ತಾರೆ, ಹೂವಿನವರಿಗೆ ಮಾತ್ರ ಅದು ಬಿರುಗಾಳಿ, ಆಲಿಕಲ್ಲಿನ ಕಾಲ. ಸಂಜೆ ಮೋಡ ಕಪ್ಪಾಗಿ ಕಟ್ಟಿತು ಅಂದರೆ ಅರಳಿದ್ದನ್ನೆಲ್ಲ ಕತ್ತರಿಸಿ ಒಳಗೆ ತನ್ನಿ, ನಾಳೆ ನೋಡೋಣ ಅನ್ನಬೇಡಿ.

ನೀರು ಬೆಳಿಗ್ಗೆ, ಬುಡಕ್ಕೆ ಮಾತ್ರ. ಎಲೆ ಮೇಲೆ ಹೊಡೆದರೆ ಜಿನ್ನಿಯಾಗೆ ಚುಕ್ಕೆ ರೋಗ ಖಾತ್ರಿ. ಮಡಿಗೆ ದಿನ ಬಿಟ್ಟು ದಿನ ತುಂಬಾ ನೀರು ಕೊಡಿ, ಬೇರು ಆಳಕ್ಕಿಳಿಯುತ್ತದೆ. ಬ್ಯಾಗುಗಳಿಗೆ ಏಪ್ರಿಲ್‌ನಲ್ಲಿ ದಿನಾ ಬೇಕು, ಕೆಲವು ದಿನ ಎರಡು ಸಲ. ಮಣ್ಣು ಒಣಗದಂತೆ ಮೇಲೆ ಹಾಸುವ ಮುಚ್ಚಿಗೆಗೆ ನಮ್ಮಲ್ಲಿ ಬರವೇ ಇಲ್ಲ. ಮಂಡ್ಯ ಕಡೆ ಕಬ್ಬಿನ ತರಗು, ಭತ್ತದ ಹುಲ್ಲು ಯಾರನ್ನು ಕೇಳಿದರೂ ಸಿಗುತ್ತದೆ. ಎರಡು ಇಂಚು ಹರಡಿ, ಬುಡದಿಂದ ಎರಡು ಬೆರಳು ದೂರ ಬಿಡಿ.

ಬಿಸಿಲಿಗೆ ಥ್ರಿಪ್ಸ್ ನುಸಿ ಬರುತ್ತದೆ, ಎಸಳಿನ ಅಂಚು ಕಂದು ಬಣ್ಣಕ್ಕೆ ತಿರುಗಿ ಗೀರು ಬೀಳುವುದೇ ಗುರುತು. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕರಗಲು ಸ್ವಲ್ಪ ಸೋಪು ನೀರು, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಹೊಡೆಯಿರಿ. ಮೊಗ್ಗು ಬರುವ ಮುಂಚೆಯೇ ಶುರು ಮಾಡಿದರೆ ಒಳ್ಳೆಯದು. ಬೂದಿ ರೋಗದ ಎಲೆ ಕಂಡರೆ ಕಿತ್ತು ಹೊರಗೆ ಹಾಕಿ. ಆಸ್ಟರ್ ಸೊರಗಿ ಸತ್ತರೆ ಅದು ಮಣ್ಣಿನ ರೋಗ, ಅದೇ ಜಾಗದಲ್ಲಿ ಮತ್ತೆ ಆಸ್ಟರ್ ಹಾಕಬೇಡಿ.

ಕತ್ತರಿ ಹಾಕುವ ಹೊತ್ತು

ಇಷ್ಟೆಲ್ಲ ಬೆಳೆದು ಇಲ್ಲಿ ಎಡವುವವರೇ ಜಾಸ್ತಿ. ಬೆಳಿಗ್ಗೆ ಏಳು ಗಂಟೆಯೊಳಗೆ ಕತ್ತರಿಸಿ, ರಾತ್ರಿಯಿಡೀ ನೀರು ಹೀರಿ ಕಡ್ಡಿ ತುಂಬಿಕೊಂಡಿರುತ್ತದೆ. ಹತ್ತು ಗಂಟೆಗೆ ಕತ್ತರಿಸಿದ ಹೂ ಮೇಲೆ ಎಷ್ಟು ನೀರು ಸುರಿದರೂ ಚೇತರಿಸಿಕೊಳ್ಳುವುದು ಕಷ್ಟ. ಬಕೆಟ್‌ನಲ್ಲಿ ಅರ್ಧ ನೀರು ತುಂಬಿಕೊಂಡೇ ಗಿಡದ ಹತ್ತಿರ ಹೋಗಿ, ಕತ್ತರಿಸಿದ ಕ್ಷಣಕ್ಕೆ ಕಡ್ಡಿ ನೀರಿಗಿಳಿಯಬೇಕು.

ಜಿನ್ನಿಯಾ ಕತ್ತರಿಸಿದ ಮೇಲೆ ಅರಳುವುದಿಲ್ಲ, ಹಾಗಾಗಿ ಪೂರ್ತಿ ಬಲಿತದ್ದೇ ಬೇಕು. ನೋಡಿದರೆ ತಿಳಿಯದು, ಕೈಗೆ ತಿಳಿಯುತ್ತದೆ. ಹೂವಿನಿಂದ ಒಂದು ಗೇಣು ಕೆಳಗೆ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಹೂ ಕತ್ತು ಸಡಿಲಾದ ಹಾಗೆ ತೊನೆದಾಡಿದರೆ ಇನ್ನೂ ಎಳೆಯದು, ಇಟ್ಟರೆ ನಾಳೆಗೇ ಬಾಡುತ್ತದೆ. ಕಡ್ಡಿ, ಹೂ ಎರಡೂ ಒಂದೇ ಕೋಲಿನ ಹಾಗೆ ಬಿಗಿಯಾಗಿ ಅಲುಗಿದರೆ ಕತ್ತರಿ ಹಾಕಿ. ಎರಡು ಮೂರು ದಿನ ಮಾಡಿದರೆ ಬೆರಳಿಗೆ ರೂಢಿಯಾಗುತ್ತದೆ, ವಾರದ ತನಕ ಹೂ ನಿಲ್ಲುತ್ತದೆ.

ಸೂರ್ಯಕಾಂತಿಗೆ ಇದು ಉಲ್ಟಾ, ಎಸಳು ಮಧ್ಯದಿಂದ ಎದ್ದು ಬಿಚ್ಚಿಕೊಳ್ಳಲು ಶುರುವಾದ ಬೆಳಿಗ್ಗೆಯೇ ಕತ್ತರಿಸಿ. ಕಾಸ್ಮಾಸ್ ಕೂಡ ಆಗಷ್ಟೇ ಬಿಚ್ಚಿದ್ದು. ಸುಗಂಧರಾಜದಲ್ಲಿ ಕೆಳಗಿನ ಒಂದೆರಡು ಜೊತೆ ಹೂ ಅರಳಿದಾಗ. ಚೆಂಡು ಹೂ, ಗೊಂಫ್ರೀನಾ ಪೂರ್ತಿ ಅರಳಿದ ಮೇಲೆ.

ಆಳಕ್ಕೆ ಕತ್ತರಿಸಿ, ಒಂದು ಜೊತೆ ಎಲೆಯ ಮೇಲಕ್ಕೆ, ಪಕ್ಕದ ಒಂದೆರಡು ಮೊಗ್ಗು ಹೋದರೂ ಹೋಗಲಿ. ಮೇಲೆ ಮೇಲೆ ಗಿಡ್ಡಕ್ಕೆ ಕತ್ತರಿಸುತ್ತಾ ಹೋದರೆ ಮುಂದಿನ ಕಡ್ಡಿಗಳೂ ಗಿಡ್ಡವೇ. ಬೊಕೆ ಬೇಡದ ವಾರವೂ ಅರಳಿದ್ದನ್ನು ತೆಗೆಯುತ್ತಿರಿ, ಬೀಜ ಕಟ್ಟಲು ಬಿಟ್ಟರೆ ಗಿಡ ಹೂ ನಿಲ್ಲಿಸುತ್ತದೆ.

ಒಳಗೆ ತಂದ ಮೇಲೆ ನೀರಲ್ಲಿ ಮುಳುಗುವ ಎಲೆಗಳನ್ನೆಲ್ಲ ಸವರಿ ತೆಗೆಯಿರಿ. ಕೊಳೆತ ಎಲೆಯಿಂದ ಬ್ಯಾಕ್ಟೀರಿಯಾ ಬೆಳೆದು ಕಡ್ಡಿಯ ಬಾಯಿ ಮುಚ್ಚುತ್ತದೆ, ಹೂ ಬಾಡುವುದಕ್ಕೆ ಮುಖ್ಯ ಕಾರಣ ಅದೇ. ಚೆಂಡು ಹೂವಿನ ಎಲೆಯಂತೂ ಒಂದೂ ಉಳಿಯಬಾರದು, ನೀರು ನಾತ ಹೊಡೆಯುತ್ತೆ. ಮೂರು ನಾಲ್ಕು ಗಂಟೆ ತಂಪು, ಕತ್ತಲೆ ಇರುವ ಕಡೆ ಬಕೆಟ್‌ನಲ್ಲೇ ಬಿಡಿ. ಫ್ರಿಜ್ ಬೇಡ, ಕಾಮಕಸ್ತೂರಿ ಕಪ್ಪಗಾಗುತ್ತದೆ, ಜಿನ್ನಿಯಾಗೂ ಆ ಚಳಿ ಆಗದು.

ಕಟ್ಟುವುದು

ಮೊದಲು ಕಾಮಕಸ್ತೂರಿಯ ಮೂರು ಕಡ್ಡಿ ಎಡಗೈಯಲ್ಲಿ ಹಿಡಿಯಿರಿ. ಅದರ ಮೇಲೆ ಒಂದು ಜಿನ್ನಿಯಾ ಓರೆಯಾಗಿ, ಹೂ ಎಡಕ್ಕೆ, ಕಡ್ಡಿ ಬಲಕ್ಕೆ. ಕೈಯನ್ನು ಸ್ವಲ್ಪ ತಿರುಗಿಸಿ, ಮುಂದಿನದನ್ನೂ ಅದೇ ಓರೆಯಲ್ಲಿ ಇಡಿ. ಹೀಗೆ ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋದರೆ ಕಡ್ಡಿಗಳು ಕೆಳಗೆ ಸುರುಳಿಯಾಗಿ ಅಗಲುತ್ತವೆ, ಹೂವುಗಳು ಮೇಲೆ ಉಸಿರಾಡುವಷ್ಟು ಜಾಗ ಬಿಟ್ಟು ಕೂರುತ್ತವೆ. ಒಂದೇ ಒಂದು ಕಡ್ಡಿ ಎದುರು ದಿಕ್ಕಿಗೆ ಹೋದರೂ ಗಂಟಾಗಿ ಮುರಿಯುತ್ತದೆ. ಕಡ್ಡಿಗಳು ಒಂದನ್ನೊಂದು ದಾಟುವ ಜಾಗದಲ್ಲಿ ನೆನೆಸಿದ ಬಾಳೆ ನಾರಿನಿಂದ ಕಟ್ಟಿ. ಮಲ್ಲಿಗೆ ಕಟ್ಟುವ ಅದೇ ನಾರು, ಕಡ್ಡಿಗೆ ನೋವಾಗದ ಹಾಗೆ ಹಿಡಿಯುತ್ತದೆ, ದಾರದಂತೆ ಕೊಯ್ಯುವುದಿಲ್ಲ. ಕೊನೆಗೆ ಬುಡ ಸಮ ಮಾಡಿ, ತುದಿ ಓರೆಗೆ ಕತ್ತರಿಸಿ.

ಹೂದಾನಿಯನ್ನು ಊಟದ ಪಾತ್ರೆಯಷ್ಟೇ ಚೊಕ್ಕಟವಾಗಿ ತೊಳೆಯಿರಿ. ಒಂದು ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಎರಡು ಚಮಚ ನಿಂಬೆ ರಸ ಹಾಕಿದರೆ ಒಳ್ಳೆಯದು. ನೀರನ್ನು ದಿನ ಬಿಟ್ಟು ದಿನ ಬದಲಿಸಿ, ಆಗೆಲ್ಲ ಬುಡವನ್ನು ಅರ್ಧ ಇಂಚು ಕತ್ತರಿಸಿ. ಫ್ಯಾನಿನ ಕೆಳಗೆ ಇಡಬೇಡಿ. ಹಣ್ಣಿನ ಬುಟ್ಟಿ ಪಕ್ಕವೂ ಬೇಡ, ಮಾಗುವ ಮಾವು, ಬಾಳೆಯಿಂದ ಎಥಿಲೀನ್ ಅನಿಲ ಬರುತ್ತದೆ, ಗುಲಾಬಿಯಂಥ ಕೆಲವು ಹೂ ಅದಕ್ಕೆ ಬೇಗ ಸೋಲುತ್ತವೆ.

ಮೇ ಕೊನೆಗೆ, ರೋಹಿಣಿ ಮಳೆ ಶುರುವಾಗುವ ಹೊತ್ತಿಗೆ, ಪ್ರತಿ ಬಣ್ಣದ ಚೆನ್ನಾಗಿರುವ ಒಂದೊಂದು ಜಿನ್ನಿಯಾ ಗಿಡದಲ್ಲಿ ಎರಡು ಹೂ ಕತ್ತರಿಸದೆ ಬಿಡಿ. ತಲೆ ಪೂರ್ತಿ ಕಂದಾಗಿ ಒಣಗಿದ ಮೇಲೆ, ಮಳೆ ಇಲ್ಲದ ದಿನ ನೋಡಿ ಕಿತ್ತು, ಬಿಡಿಸಿ, ಕಾಗದದ ಪೊಟ್ಟಣದಲ್ಲಿ ತಾರೀಕು ಬರೆದಿಡಿ. ಹೈಬ್ರಿಡ್ ಬೀಜವಾದರೆ ಮುಂದಿನ ವರ್ಷ ಅದೇ ಹೂ ಬರುವುದಿಲ್ಲ, ಅದನ್ನು ಹೊಸದಾಗಿಯೇ ಕೊಳ್ಳಬೇಕು. ಉಳಿದ ಗೊಂಫ್ರೀನಾ, ಕೋಳಿಜುಟ್ಟನ್ನು ಹತ್ತತ್ತು ಕಡ್ಡಿಯ ಕಟ್ಟು ಮಾಡಿ, ಬಿಸಿಲು ಬೀಳದ ಕೋಣೆಯಲ್ಲಿ ತಲೆಕೆಳಗಾಗಿ ನೇತು ಹಾಕಿ. ಮೂರು ವಾರಕ್ಕೆ ಗರಿಗರಿ ಒಣಗುತ್ತದೆ. ಕಳೆದ ಮೇ ತಿಂಗಳಲ್ಲಿ ಕಟ್ಟಿದ್ದ ನೇರಳೆ ಕಟ್ಟನ್ನು ಅಮ್ಮ ಊರಿಗೆ ತೆಗೆದುಕೊಂಡು ಹೋದಳು, ಈ ಸಂಕ್ರಾಂತಿಗೆ ಹೋದಾಗ ಅದು ನಡುಮನೆಯ ಗೂಡಿನಲ್ಲಿತ್ತು, ಕಡ್ಡಿ ಸಮೇತ.